ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ, ಮುಂದಿನ ಚಿಕಿತ್ಸೆ ಶುರುವಾಗುವ ಮುನ್ನ: ನಡುವಿನ ವಾರಗಳಲ್ಲಿ ಮಾಡಬೇಕಾದ ಕೆಲಸಗಳು

ಆಪರೇಷನ್ ಮುಗಿಸಿ ಮನೆಗೆ ಬಂದ ಹೆಣ್ಣುಮಗಳಿಗೆ ಬಂಧುಗಳೆಲ್ಲ ಹೇಳುವುದು ಒಂದೇ ಮಾತು: ‘ಸುಮ್ಮನೆ ಮಲಗಿರು, ಕೈ ಅಲ್ಲಾಡಿಸಬೇಡ.’ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಸಲಹೆಯನ್ನು ಅಕ್ಷರಶಃ ಪಾಲಿಸಿದವರೇ ಆಮೇಲೆ ಹೆಚ್ಚು ಕಷ್ಟಪಡುತ್ತಾರೆ. ಕಿಮೋಥೆರಪಿ ಬೇಕಾದವರಿಗೆ ಸಾಮಾನ್ಯವಾಗಿ ಆಪರೇಷನ್ ಆದ ಮೂರರಿಂದ ಆರು ವಾರಗಳಲ್ಲಿ ಅದು ಶುರುವಾಗುತ್ತದೆ. ಮೂರು ತಿಂಗಳು ದಾಟಿಸಿದರೆ ಚಿಕಿತ್ಸೆಯ ಫಲ ಕುಗ್ಗುತ್ತದೆ. ಅಷ್ಟರೊಳಗೆ ಗಾಯ ಮಾಗಿರಬೇಕು, ಕೈ ಮೇಲೇಳುವಂತಿರಬೇಕು, ಬಯಾಪ್ಸಿ ವರದಿ ಕೈ ಸೇರಿರಬೇಕು, ಖರ್ಚಿನ ದಾರಿ ಗೊತ್ತಾಗಿರಬೇಕು. ಈ ವಾರಗಳು ವಿಶ್ರಾಂತಿಗೂ ಹೌದು, ಕೆಲಸಕ್ಕೂ ಹೌದು.

ಇಲ್ಲಿ ಬರೆದಿರುವುದು ಸಾಮಾನ್ಯ ಕ್ರಮ. ಸ್ತನದ ಮರುನಿರ್ಮಾಣವನ್ನೂ ಮಾಡಿಸಿಕೊಂಡಿದ್ದರೆ ಅಥವಾ ನಿಮ್ಮ ಸರ್ಜನ್ ಬೇರೆ ಸೂಚನೆ ಕೊಟ್ಟಿದ್ದರೆ ಅವರ ಮಾತೇ ಅಂತಿಮ.

ಆಸ್ಪತ್ರೆಯಿಂದ ಹೊರಡುವ ಮುನ್ನ

ಡಿಸ್ಚಾರ್ಜ್ ಸಮ್ಮರಿಯನ್ನು ಫೈಲಿಗೆ ಸೇರಿಸುವ ಮೊದಲು ವಾರ್ಡಿನ ವೈದ್ಯರ ಮುಂದೆಯೇ ಓದಿಸಿಕೊಳ್ಳಿ. ಇಡೀ ಸ್ತನ ತೆಗೆದಿದ್ದಾರೆಯೇ, ಗಡ್ಡೆಯನ್ನಷ್ಟೇ ತೆಗೆದಿದ್ದಾರೆಯೇ? ಕಂಕುಳಿನಿಂದ ಪರೀಕ್ಷೆಗೆಂದು ಕೆಲವೇ ದುಗ್ಧರಸ ಗ್ರಂಥಿಗಳನ್ನು ತೆಗೆದರೋ, ಪೂರ್ತಿ ತೆರವು ಮಾಡಿದರೋ? ಈ ಎರಡನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಆದರೆ ಮುಂದೆ ಕೈ ಊದಿಕೊಳ್ಳುವ ಅಪಾಯ ಎಷ್ಟು ಎಂಬುದು ಇದರ ಮೇಲೆಯೇ ನಿಂತಿದೆ. ಬಯಾಪ್ಸಿ ವರದಿ ಯಾವ ದಿನ, ಯಾವ ಕೌಂಟರಿನಲ್ಲಿ ಸಿಗುತ್ತದೆ, ರಾತ್ರಿ ಹೊತ್ತು ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನೂ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿಸಿಕೊಂಡದ್ದು ಆ ಗಡಿಬಿಡಿಯಲ್ಲಿ ನೆನಪಿರುವುದಿಲ್ಲ.

ಬಟ್ಟೆಯ ವಿಷಯ: ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು ಬೇಡ. ಮುಂದೆ ಗುಂಡಿ ಇರುವ ಸಡಿಲವಾದ ಹತ್ತಿಯ ನೈಟಿ, ಮುಂಗುಂಡಿಯ ಅಂಗಿ ಸಾಕು. ಕಾರಿನಲ್ಲಿ ಬರುವಾಗ ಸೀಟ್ ಬೆಲ್ಟ್ ಮತ್ತು ಎದೆಯ ನಡುವೆ ಸಣ್ಣ ದಿಂಬು ಇಟ್ಟುಕೊಳ್ಳಿ.

ಡ್ರೈನ್ ಎಂಬ ಬಾಟಲಿ

ಗಾಯದ ಒಳಗೆ ಸೇರುವ ರಕ್ತ ಮತ್ತು ನೀರನ್ನು ಹೊರಗೆ ಎಳೆಯಲು ಒಂದು ಅಥವಾ ಎರಡು ನಳಿಕೆ ಹಾಕಿರುತ್ತಾರೆ. ಅದರ ತುದಿಯಲ್ಲಿ ಗಾಳಿ ತೆಗೆದ ಬಾಟಲಿ ಅಥವಾ ಅದುಮಿದ ಡಬ್ಬಿ ಇರುತ್ತದೆ. ಬಹಳಷ್ಟು ಮಂದಿ ಅದನ್ನು ಹಾಕಿಕೊಂಡೇ ಮನೆಗೆ ಬರುತ್ತಾರೆ. ನೋಡಲು ಭಯವಾಗುತ್ತದೆ, ನಿಭಾಯಿಸುವುದು ಕಷ್ಟವಲ್ಲ.

1. ಪ್ರತಿದಿನ ಒಂದೇ ಹೊತ್ತಿಗೆ ಸೋಪಿನಿಂದ ಕೈ ತೊಳೆದು, ಬಾಟಲಿಯಲ್ಲಿ ಎಷ್ಟು ಮಿಲಿಲೀಟರ್ ಇದೆ ಎಂದು ನೋಡಿ, ತಾರೀಖು, ಪ್ರಮಾಣ, ಬಣ್ಣ ಮೂರನ್ನೂ ಬರೆದಿಡಿ. ಎರಡು ಡ್ರೈನ್ ಇದ್ದರೆ ಲೆಕ್ಕ ಬೇರೆ ಬೇರೆ.
2. ಖಾಲಿ ಮಾಡುವುದನ್ನು, ಮತ್ತೆ ಗಾಳಿ ತೆಗೆದು ಮುಚ್ಚುವುದನ್ನು ವಾರ್ಡಿನಲ್ಲೇ ನರ್ಸ್ ಎದುರು ಒಮ್ಮೆ ಮಾಡಿ ತೋರಿಸಿ ಬನ್ನಿ. ಗಾಳಿ ತುಂಬಿದ ಬಾಟಲಿ ಏನನ್ನೂ ಎಳೆಯುವುದಿಲ್ಲ.
3. ನಳಿಕೆಯಲ್ಲಿ ಗರಣೆ ಕಟ್ಟಿದ್ದರೆ, ಚರ್ಮದ ಹತ್ತಿರ ನಳಿಕೆಯನ್ನು ಒಂದು ಕೈಯಿಂದ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಬಾಟಲಿಯ ಕಡೆಗೆ ಹಿಂಡುತ್ತಾ ಬನ್ನಿ.
4. ಬಾಟಲಿ ತೂಗಾಡಲು ಬಿಡಬೇಡಿ. ಬಟ್ಟೆಯ ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಳ್ಳಿ ಅಥವಾ ನೈಟಿಗೆ ಪಿನ್ ಮಾಡಿ. ಅದು ಯಾವಾಗಲೂ ಗಾಯಕ್ಕಿಂತ ಕೆಳಗಿರಬೇಕು.

ಮೊದಲು ಕೆಂಪಗೆ ಬರುವ ದ್ರವ ದಿನ ಕಳೆದಂತೆ ಗುಲಾಬಿ, ಆಮೇಲೆ ತಿಳಿಹಳದಿ ಆಗುತ್ತದೆ. 24 ಗಂಟೆಯಲ್ಲಿ ಬರುವುದು 20–30 ಮಿಲಿಗಿಂತ ಕಡಿಮೆಯಾಗಿ, ಎರಡು ದಿನ ಹಾಗೆಯೇ ಉಳಿದರೆ ಸಾಮಾನ್ಯವಾಗಿ ಡ್ರೈನ್ ತೆಗೆಯುತ್ತಾರೆ. ಕೆಲವರಿಗೆ ಒಂದು ವಾರ, ಕಂಕುಳು ಪೂರ್ತಿ ತೆರವಾದವರಿಗೆ ಎರಡು ವಾರ ಅಥವಾ ಇನ್ನೂ ಹೆಚ್ಚು ಬೇಕಾಗಬಹುದು. ಪಕ್ಕದ ಹಾಸಿಗೆಯವರಿಗೆ ಬೇಗ ತೆಗೆದರೆಂದು ನಿಮ್ಮದನ್ನೂ ಬೇಗ ತೆಗೆಯಿರಿ ಎಂದು ಒತ್ತಾಯಿಸಬೇಡಿ. ನೀವು ಬರೆದಿಟ್ಟ ಲೆಕ್ಕವನ್ನು ನೋಡಿಯೇ ಸರ್ಜನ್ ನಿರ್ಧರಿಸುತ್ತಾರೆ, ಆದ್ದರಿಂದಲೇ ಆ ಲೆಕ್ಕ ಮುಖ್ಯ.

ಡ್ರೈನ್ ತೆಗೆದ ಮೇಲೆ ಕೆಲವರಿಗೆ ಎದೆಯಲ್ಲೋ ಕಂಕುಳಲ್ಲೋ ನೀರು ತುಂಬಿ ಗುಳುಗುಳು ಅನ್ನಿಸುತ್ತದೆ. ಇದು ಬಹಳ ಸಾಮಾನ್ಯ, ಕ್ಯಾನ್ಸರ್ ಮರಳಿ ಬಂತೆಂದು ಹೆದರಬೇಡಿ. ಹೊರರೋಗಿ ವಿಭಾಗದಲ್ಲೇ ಸೂಜಿಯಿಂದ ಎಳೆದು ತೆಗೆಯುತ್ತಾರೆ. ಒಮ್ಮೊಮ್ಮೆ ನಾಲ್ಕಾರು ಸಲ ತೆಗೆಸಬೇಕಾಗಿ ಬರಬಹುದು.

ಗಾಯ, ನೋವು, ಜೋಮು

ನೋವಿನ ಮಾತ್ರೆಯನ್ನು ಮೊದಲ ಕೆಲವು ದಿನ ಗಡಿಯಾರ ನೋಡಿ ತೆಗೆದುಕೊಳ್ಳಿ, ನೋವು ತಡೆಯಲಾಗದ ಹಂತಕ್ಕೆ ಬರುವವರೆಗೆ ಕಾಯಬೇಡಿ. ಸಹಿಸಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನೋವಿದ್ದರೆ ವ್ಯಾಯಾಮ ಆಗುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಟ್ರಮಡಾಲ್ ಇರುವ ಮಾತ್ರೆ ಕೊಟ್ಟಿದ್ದರೆ ಮಲಬದ್ಧತೆ ಆಗಬಹುದು. ನೀರು, ಹಣ್ಣು, ಸೊಪ್ಪು ಹೆಚ್ಚಿಸಿ, ಆಗದಿದ್ದರೆ ಔಷಧ ಕೇಳಿ.

ತೋಳಿನ ಒಳಭಾಗ ಮರಗಟ್ಟಿದಂತೆ ಅಥವಾ ಉರಿದಂತೆ ಆಗುವುದು ಕಂಕುಳಿನಲ್ಲಿ ಹಾದುಹೋಗುವ ಸಣ್ಣ ನರಕ್ಕೆ ಪೆಟ್ಟಾಗಿರುವುದರಿಂದ. ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಜೋಮು ಉಳಿದುಬಿಡುತ್ತದೆ. ಸ್ತನ ತೆಗೆದ ಜಾಗದಲ್ಲಿ ಅದು ಇನ್ನೂ ಇರುವಂತೆ, ತುರಿಕೆಯಾಗುವಂತೆ ಅನ್ನಿಸುವುದೂ ಉಂಟು. ಅದು ಭ್ರಮೆ ಎಂದು ಯಾರಾದರೂ ನಕ್ಕರೆ ನಗಲಿ, ವೈದ್ಯರಿಗೆ ಇದು ಗೊತ್ತಿರುವ ಸಂಗತಿ.

ಗಾಯದ ಮೇಲೆ ಅರಿಶಿನ, ಎಣ್ಣೆ, ಪೌಡರ್, ಯಾವುದೇ ಲೇಪ ಬೇಡ. ಸ್ನಾನ ಯಾವಾಗ ಮಾಡಬಹುದೆಂದು ಕೇಳಿ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಸಾಕು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಗಾಯದ ಸುತ್ತ ಕೆಂಪು ಹರಡಿದರೆ, ಕೀವು ಅಥವಾ ದುರ್ವಾಸನೆ ಬಂದರೆ, ಹೊಲಿಗೆ ಬಿಟ್ಟುಕೊಂಡರೆ, ಡ್ರೈನ್ ಇದ್ದಕ್ಕಿದ್ದಂತೆ ಕಡುಕೆಂಪು ರಕ್ತದಿಂದ ತುಂಬಿದರೆ ಮರುದಿನದವರೆಗೆ ಕಾಯಬಾರದು. ಏದುಸಿರು, ಎದೆನೋವು, ಒಂದು ಕಾಲಿನ ಮೀನಖಂಡ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ್ದರ ಸೂಚನೆ ಇರಬಹುದು. ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ ನೇರವಾಗಿ ಹೋಗಿ.

ಕೈ ಮೇಲೇಳಲೇಬೇಕು

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯಲ್ಲಿ ನೀವು ಯಂತ್ರದ ಕೆಳಗೆ ಕೈಯನ್ನು ತಲೆಯ ಮೇಲೆ ಎತ್ತಿಟ್ಟು, ಕೆಲವು ನಿಮಿಷ ಅಲುಗಾಡದೆ ಮಲಗಬೇಕು. ಅದಕ್ಕೂ ಮೊದಲು ಅದೇ ಭಂಗಿಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ, ಚರ್ಮದ ಮೇಲೆ ಗುರುತು ಹಾಕುತ್ತಾರೆ. ಭುಜ ಬಿಗಿದುಕೊಂಡವರಿಗೆ ಇದು ಸಾಧ್ಯವಾಗುವುದಿಲ್ಲ; ಭುಜ ಸಡಿಲವಾಗುವವರೆಗೆ ಚಿಕಿತ್ಸೆಯೇ ಮುಂದೆ ಹೋಗುತ್ತದೆ. ವಾರಗಟ್ಟಲೆ ಕೈಯನ್ನು ಮೈಗೆ ಒತ್ತಿಕೊಂಡು ಕಾಪಾಡಿದ್ದರ ಬೆಲೆ ಆಗ ತಿಳಿಯುತ್ತದೆ.

ಆಪರೇಷನ್ ಆದ ಮರುದಿನದಿಂದಲೇ ಮುಷ್ಟಿ ಕಟ್ಟಿ ಬಿಡುವುದು, ಮಣಿಕಟ್ಟು ತಿರುಗಿಸುವುದು, ಮೊಣಕೈ ಮಡಚಿ ಚಾಚುವುದು, ಭುಜ ಮೇಲೆತ್ತಿ ಇಳಿಸುವುದು ಮಾಡಬಹುದು. ಒಂದೊಂದನ್ನೂ ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ಆ ಕೈಯಿಂದಲೇ ತುತ್ತು ಎತ್ತಿ, ಮುಖ ತೊಳೆಯಿರಿ. ಡ್ರೈನ್ ಇರುವವರೆಗೆ ಮೊಣಕೈ ಭುಜದ ಮಟ್ಟ ದಾಟದಿರಲಿ. ಮಲಗುವಾಗ ಮತ್ತು ಕುಳಿತಾಗ ತೋಳಿನ ಕೆಳಗೆ ದಿಂಬಿರಲಿ.

ಡ್ರೈನ್ ತೆಗೆದು ಸರ್ಜನ್ ಒಪ್ಪಿದ ಮೇಲೆ ನಿಜವಾದ ಕೆಲಸ ಶುರು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಜೇಡದಂತೆ ನಡೆಸುತ್ತಾ ಮೇಲೆ ಒಯ್ಯಿರಿ. ಇಂದು ಎಲ್ಲಿಯವರೆಗೆ ಏರಿತೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ, ನಾಳೆ ಒಂದು ಬೆರಳಿನಷ್ಟು ಮೇಲೆ. ಮಗ್ಗುಲಾಗಿ ನಿಂತೂ ಹೀಗೆಯೇ ಮಾಡಿ. ಅಂಗಾತ ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು ನಿಧಾನವಾಗಿ ತಲೆಯ ಹಿಂದಕ್ಕೆ ಒಯ್ಯುವುದು ಇನ್ನೊಂದು. ಕೈಬೆರಳುಗಳನ್ನು ಕತ್ತಿನ ಹಿಂದೆ ಹೆಣೆದು ಮೊಣಕೈಗಳನ್ನು ಹೊರಗೆ ತೆರೆಯುವುದು ಮತ್ತೊಂದು. ವಿಕಿರಣ ಚಿಕಿತ್ಸೆಯ ಭಂಗಿಗೆ ಇದು ಬಹಳ ಹತ್ತಿರ. ಎಳೆತ ಅನ್ನಿಸಬೇಕು, ಚುಚ್ಚುವ ನೋವು ಬರಬಾರದು. ಅರ್ಧ ಗಂಟೆ ಮೊದಲು ನೋವಿನ ಮಾತ್ರೆ ತೆಗೆದುಕೊಂಡರೆ ಸುಲಭ.

ಕೆಲವರಿಗೆ ಕಂಕುಳಿನಿಂದ ಮೊಣಕೈವರೆಗೆ ತಂತಿ ಎಳೆದಂತೆ ಚರ್ಮದ ಕೆಳಗೆ ಬಿಗಿಯಾದ ದಾರಗಳು ಕಾಣುತ್ತವೆ. ಗಾಬರಿ ಬೇಡ, ವ್ಯಾಯಾಮ ನಿಲ್ಲಿಸಲೂ ಬೇಡ. ಫಿಸಿಯೋಥೆರಪಿಸ್ಟ್ ಬಳಿ ಹೋದರೆ ಎಳೆಯುವ ಕ್ರಮ ಕಲಿಸುತ್ತಾರೆ, ವಾರಗಳಲ್ಲಿ ಸಡಿಲವಾಗುತ್ತದೆ.

ವ್ಯಾಯಾಮ ಬೇರೆ, ಭಾರ ಎತ್ತುವುದು ಬೇರೆ. ಮೊದಲ ಕೆಲವು ವಾರ ನೀರಿನ ಕೊಡ, ತುಂಬಿದ ಕುಕ್ಕರ್, ಮಗುವನ್ನು ಎತ್ತುವುದು, ಮುದ್ದೆ ತೊಳಸುವುದು, ರೊಟ್ಟಿ ತಟ್ಟುವುದು, ಬಟ್ಟೆ ಕುಕ್ಕುವುದು, ಸ್ಕೂಟರ್ ಓಡಿಸುವುದು ಬೇಡ. ‘ಮನೆಯಲ್ಲಿ ಬೇರೆ ಯಾರೂ ಇಲ್ಲ’ ಎನ್ನುವವರೂ ಇದ್ದಾರೆ. ಅಂಥ ಮನೆಯ ಗಂಡಸರು ಈ ಕೆಲಸಗಳನ್ನು ಕಲಿಯಲು ಇದಕ್ಕಿಂತ ತಕ್ಕ ಸಮಯ ಇನ್ನೊಂದಿಲ್ಲ.

ಕಂಕುಳಿನ ಗ್ರಂಥಿಗಳನ್ನು ತೆಗೆದ ಕಡೆಯ ಕೈಯಲ್ಲಿ ನೀರು ನಿಂತು ಊದುವ ಸಾಧ್ಯತೆ ವರ್ಷಗಳವರೆಗೆ ಇರುತ್ತದೆ. ಗ್ರಂಥಿಗಳು ಪೂರ್ತಿ ತೆರವಾಗಿದ್ದರೆ ರಕ್ತದೊತ್ತಡ ನೋಡುವುದು, ಸೂಜಿ ಚುಚ್ಚುವುದು ಆದಷ್ಟೂ ಇನ್ನೊಂದು ಕೈಯಲ್ಲಿ ಆಗಲಿ. ಈಳಿಗೆಮಣೆ, ಒಲೆ, ಗುಲಾಬಿ ಗಿಡದ ಮುಳ್ಳು ಎಲ್ಲದರಲ್ಲೂ ಆ ಕೈಗೆ ಜಾಗ್ರತೆ. ಪಾತ್ರೆ ತೊಳೆಯುವಾಗ, ತೋಟದ ಕೆಲಸದಲ್ಲಿ ಕೈಗವಸು. ಈಗಲೇ ಎರಡೂ ತೋಳಿನ ಸುತ್ತಳತೆಯನ್ನು ಟೇಪಿನಿಂದ ಮೊಣಕೈ ಮೇಲೆ, ಕೆಳಗೆ ಅಳೆದು ಬರೆದಿಡಿ. ಬಳೆ ಬಿಗಿಯಾಗುವುದು, ಕೈ ಭಾರ ಅನ್ನಿಸುವುದು, ಎರಡು ತೋಳಿನ ಅಳತೆಯಲ್ಲಿ 2 ಸೆಂ.ಮೀ. ಅಂತರ ಬರುವುದು ಕಂಡರೆ ಬೇಗ ತೋರಿಸಿ. ಊದುವಿಕೆಯನ್ನು ಆರಂಭದಲ್ಲೇ ಹಿಡಿದರೆ ಹತೋಟಿಯಲ್ಲಿಡುವುದು ಸುಲಭ.

‘ನಂಜು’ ಎಂದು ತಟ್ಟೆಯಿಂದ ತೆಗೆದದ್ದು

ನಮ್ಮ ಮನೆಗಳಲ್ಲಿ ಗಾಯ ಇರುವವರಿಗೆ ಮೊಟ್ಟೆ, ಮೀನು, ಕಡಲೆಕಾಯಿ, ಬದನೆಕಾಯಿ ಕೊಡುವುದಿಲ್ಲ, ನಂಜಾಗಿ ಕೀವು ಕಟ್ಟುತ್ತದೆ ಎಂಬ ನಂಬಿಕೆ. ಹಿರಿಯರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಈ ಪಥ್ಯ ಈ ಹೊತ್ತಿನಲ್ಲಿ ಹಾನಿ ಮಾಡುತ್ತದೆ. ಗಾಯ ಕೂಡುವುದು ಪ್ರೋಟೀನಿನಿಂದ. ಅದನ್ನೇ ತಟ್ಟೆಯಿಂದ ತೆಗೆದು ಗಂಜಿ, ತಿಳಿಸಾರು, ಬ್ರೆಡ್ ಕೊಟ್ಟರೆ ಗಾಯ ನಿಧಾನವಾಗುತ್ತದೆ, ಕಿಮೋ ತಡೆದುಕೊಳ್ಳುವ ಶಕ್ತಿಯೂ ಇರುವುದಿಲ್ಲ. ದಿನಕ್ಕೆ ಒಂದೆರಡು ಮೊಟ್ಟೆ, ಹಾಲು, ಮೊಸರು, ಗಟ್ಟಿ ತೊವ್ವೆ, ಬೇಯಿಸಿದ ಮೊಳಕೆಕಾಳು, ತಿನ್ನುವವರಾದರೆ ಮೀನು, ಕೋಳಿ. ರಾಗಿ ಅಂಬಲಿಗೂ ಹಾಲು ಅಥವಾ ಮಜ್ಜಿಗೆ ಸೇರಲಿ. ಸಕ್ಕರೆ ಕಾಯಿಲೆ ಇದ್ದರೆ ಈಗಲೇ ಹತೋಟಿಗೆ ತನ್ನಿ. ಕಿಮೋ ಜೊತೆ ಕೊಡುವ ಸ್ಟೀರಾಯ್ಡ್‌ನಿಂದ ಸಕ್ಕರೆ ಪ್ರಮಾಣ ಏರುತ್ತದೆ.

ನಾಟಿ ಔಷಧ, ತೊಗಟೆ ಕಷಾಯ, ಅಮೃತಬಳ್ಳಿ ರಸ ಇವುಗಳನ್ನು ತಂದುಕೊಡುವವರು ಬಂದೇ ಬರುತ್ತಾರೆ. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಕಿಮೋ ಔಷಧಗಳಲ್ಲಿ ಹಲವನ್ನು ದೇಹದಿಂದ ತೆರವು ಮಾಡುವುದೂ ಯಕೃತ್ತೇ. ಏನನ್ನೇ ತೆಗೆದುಕೊಳ್ಳುವ ಮೊದಲು ವೈದ್ಯರಿಗೆ ಹೇಳಿ, ಮುಚ್ಚಿಡಬೇಡಿ.

ವರದಿಯಲ್ಲಿ ನೋಡಬೇಕಾದದ್ದು

ಬಯಾಪ್ಸಿ ವರದಿ ಬರಲು ಒಂದೆರಡು ವಾರ ಹಿಡಿಯುತ್ತದೆ. ಮುಂದಿನ ಚಿಕಿತ್ಸೆಯೆಲ್ಲ ಇದರ ಮೇಲೆ ನಿರ್ಧಾರವಾಗುವುದರಿಂದ ತಡವಾದರೆ ನೀವೇ ವಿಚಾರಿಸಿ. ಗಡ್ಡೆಯ ಗಾತ್ರ, ಅದರ ದರ್ಜೆ, ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ, ತೆಗೆದ ಗ್ರಂಥಿಗಳಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇತ್ತು, ಇಷ್ಟು ಮೊದಲು. ಆಮೇಲೆ ಇ.ಆರ್., ಪಿ.ಆರ್. (ಗಡ್ಡೆ ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಎಂದು ತಿಳಿಸುವವು), ಹರ್-2 (ಗಡ್ಡೆ ಬೆಳೆಯಲು ಕುಮ್ಮಕ್ಕು ಕೊಡುವ ಒಂದು ಪ್ರೋಟೀನ್) ಎಂಬ ಮೂರು ಪರೀಕ್ಷೆಗಳು. ಹರ್-2 ಫಲಿತಾಂಶ ‘2+’ ಎಂದಿದ್ದರೆ ಅದು ಇತ್ಯರ್ಥವಾಗಿಲ್ಲ ಎಂದರ್ಥ. ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗಬೇಕು. ಇದನ್ನು ಗಮನಿಸದೆ ದಿನ ಕಳೆಯುವುದುಂಟು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇ.ಆರ್. ಅಥವಾ ಪಿ.ಆರ್. ಪಾಸಿಟಿವ್ ಇದ್ದರೆ ಹಾರ್ಮೋನ್ ಮಾತ್ರೆ, ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷದವರೆಗೆ. ಮುಟ್ಟು ನಿಲ್ಲದವರಿಗೆ ಹೆಚ್ಚಾಗಿ ಟಮಾಕ್ಸಿಫೆನ್, ನಿಂತವರಿಗೆ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್. ಹರ್-2 ಪಾಸಿಟಿವ್ ಇದ್ದರೆ ಟ್ರಾಸ್ಟುಜುಮಾಬ್, ಸಾಮಾನ್ಯವಾಗಿ ಒಂದು ವರ್ಷ. ಒಂದು ಕಾಲಕ್ಕೆ ಕೈಗೆಟುಕದಷ್ಟು ದುಬಾರಿಯಾಗಿದ್ದ ಈ ಔಷಧಕ್ಕೆ ಸಮಾನವಾದದ್ದನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಈಗ ಹಲವು ಕಂಪನಿಗಳದ್ದು ಸಿಗುತ್ತದೆ. ಮೂರೂ ಇಲ್ಲದಿದ್ದರೆ ಕಿಮೋಥೆರಪಿಯೇ ಮುಖ್ಯ ಅಸ್ತ್ರ. ಗಡ್ಡೆಯನ್ನಷ್ಟೇ ತೆಗೆದವರಿಗೆ ಬಹುತೇಕ ವಿಕಿರಣ ಚಿಕಿತ್ಸೆ ಇದ್ದೇ ಇರುತ್ತದೆ. ಇಡೀ ಸ್ತನ ತೆಗೆದವರಿಗೆ ಗಡ್ಡೆ 5 ಸೆಂ.ಮೀ. ಮೀರಿದ್ದರೆ ಅಥವಾ ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದರೆ ಸಲಹೆ ಮಾಡುತ್ತಾರೆ. ಹೆಚ್ಚಾಗಿ ಮೂರು ವಾರ ಅಥವಾ ಐದು ವಾರ, ವಾರಕ್ಕೆ ಐದು ದಿನ. ಆಪರೇಷನ್‌ಗೆ ಮೊದಲೇ ಕಿಮೋ ಪಡೆದವರಿಗೆ ಲೆಕ್ಕ ಬೇರೆ: ಔಷಧಕ್ಕೆ ಗಡ್ಡೆ ಎಷ್ಟು ಕರಗಿದೆ ಎಂಬುದನ್ನು ನೋಡಿ ಮುಂದಿನದನ್ನು ನಿರ್ಧರಿಸುತ್ತಾರೆ.

ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು. ಅದಕ್ಕೆ ವರದಿಯ ಜೊತೆ ಲ್ಯಾಬಿನಲ್ಲಿರುವ, ಗಡ್ಡೆಯ ತುಣುಕನ್ನು ಇಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡುಗಳು ಬೇಕು. ಕೇಳಿದರೆ ಸಹಿ ಹಾಕಿಸಿಕೊಂಡು ಕೊಡುತ್ತಾರೆ.

ಕಿಮೋಗೆ ಮೊದಲು

ರಕ್ತ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ, ಹೆಪಟೈಟಿಸ್ ಮತ್ತು ಎಚ್‌ಐವಿ ಪರೀಕ್ಷೆ, ಹೃದಯದ ಎಕೋ ಇವು ಆಗಬೇಕು. ಡಾಕ್ಸೊರುಬಿಸಿನ್ ಎಂಬ ಕಿಮೋ ಔಷಧ ಮತ್ತು ಟ್ರಾಸ್ಟುಜುಮಾಬ್ ಹೃದಯದ ಮೇಲೆ ಪರಿಣಾಮ ಬೀರಬಲ್ಲವು, ಆದ್ದರಿಂದ ಎಕೋ ತಪ್ಪಿಸುವಂತಿಲ್ಲ. ಹುಳುಕು ಹಲ್ಲು, ಊದಿದ ಒಸಡು ಇದ್ದರೆ ದಂತವೈದ್ಯರಿಗೆ ಈಗಲೇ ತೋರಿಸಿ. ಕಿಮೋ ಮಧ್ಯೆ ರಕ್ತದ ಬಿಳಿಕಣ ಇಳಿದಾಗ ಹಲ್ಲು ಕೀಳಿಸುವುದು ಅಪಾಯ. ಕೈಯ ರಕ್ತನಾಳಗಳು ಸಣ್ಣಗಿದ್ದರೆ, ಔಷಧ ಕೊಡಲೆಂದು ಚರ್ಮದ ಅಡಿ ಕೂರಿಸುವ ಪೋರ್ಟ್ ಬಗ್ಗೆ ಕೇಳಿ. ಆಪರೇಷನ್ ಆಗದ ಕಡೆ ಅದನ್ನು ಹಾಕುತ್ತಾರೆ. ಒಂದೇ ಕೈಯಲ್ಲಿ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಳ್ಳಬೇಕಾದವರಿಗೆ ಇದು ದೊಡ್ಡ ನೆಮ್ಮದಿ.

ಮುಂದೆ ಮಗು ಬೇಕೆಂಬ ಆಸೆ ಇರುವ ಕಿರಿಯರು ಈ ಮಾತನ್ನು ಕಿಮೋಗೆ ಮೊದಲೇ ಎತ್ತಬೇಕು. ಅಂಡಾಣು ಅಥವಾ ಭ್ರೂಣವನ್ನು ಘನೀಕರಿಸಿಡಲು ಸುಮಾರು ಎರಡು ವಾರ ಸಾಕು, ಮತ್ತು ಈ ನಡುವಿನ ವಾರಗಳೇ ಅದಕ್ಕೆ ಸರಿಯಾದ ಕಾಲ. ವೈದ್ಯರು ತಾವಾಗಿ ಕೇಳದಿದ್ದರೆ ನೀವು ಕೇಳಿ. ಅತ್ತೆಯವರ ಎದುರು ಸಂಕೋಚವಾದರೆ ಒಬ್ಬರೇ ಮಾತನಾಡಬೇಕೆಂದು ವೈದ್ಯರಿಗೆ ಹೇಳಿ.

ಕೂದಲು ಉದುರುವ ಔಷಧವಾದರೆ ಮೊದಲ ಡೋಸ್ ಆದ ಎರಡು-ಮೂರು ವಾರಕ್ಕೆ ಉದುರಲು ಶುರು. ಉದ್ದ ಜಡೆಯನ್ನು ಮೊದಲೇ ಗಿಡ್ಡ ಮಾಡಿಸಿಕೊಂಡರೆ ಆಘಾತ ಕಡಿಮೆ ಎಂದು ಬಹಳ ಮಂದಿ ಹೇಳುತ್ತಾರೆ. ಅದು ನಿಮ್ಮ ಇಷ್ಟ, ಬೇರೆ ಯಾರದ್ದೂ ಅಲ್ಲ. ಎದೆಯ ಮೇಲೆ ಹತ್ತಿಯ ಹಗುರ ಕೃತಕ ಸ್ತನವನ್ನು ಗಾಯ ಒಣಗಿದ ಮೇಲೆ ಬಳಸಬಹುದು, ಸಿಲಿಕೋನಿನದು ಆರೆಂಟು ವಾರ ಕಳೆದ ಮೇಲೆ.

ಹಣ ಮತ್ತು ಓಡಾಟ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಒಂದು ಭಾಗ ಸಿಗುತ್ತದೆ. ಆಧಾರ್, ಪಡಿತರ ಚೀಟಿ, ಬಯಾಪ್ಸಿ ವರದಿ ಜೊತೆಗಿರಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಕಿಮೋ, ವಿಕಿರಣ ಒಂದೊಂದಕ್ಕೂ ಪೂರ್ವಾನುಮತಿ ಪಡೆಯಬೇಕಿರುವುದರಿಂದ ವರದಿ ಬಂದ ದಿನವೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಾಣಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಕಲಬುರಗಿಯಲ್ಲೂ ಕೇಂದ್ರವಿದೆ. 2025ರಲ್ಲಿ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರಗಳು ಆರಂಭವಾಗಿವೆ. ಚಿಕಿತ್ಸೆಯ ಯೋಜನೆ ದೊಡ್ಡ ಆಸ್ಪತ್ರೆಯಲ್ಲಿ ಸಿದ್ಧವಾದ ಮೇಲೆ ಡೋಸುಗಳನ್ನು ನಿಮ್ಮ ಜಿಲ್ಲೆಯಲ್ಲೇ ಪಡೆಯಬಹುದೇ ಎಂದು ಕೇಳಿ ನೋಡಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3ಎಸಿ ದರ್ಜೆಯಲ್ಲಿ ಪೂರ್ಣ ರಿಯಾಯಿತಿ ಇದೆ, ಜೊತೆಗಿರುವವರಿಗೂ ರಿಯಾಯಿತಿ ಉಂಟು. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಸರ್ಕಾರಿ ಬಸ್ಸಿನಲ್ಲಿ ಹೋಗುವುದಾದರೆ ಆಪರೇಷನ್ ಆದ ಕೈಯಿಂದ ಮೇಲಿನ ಕಂಬಿ ಹಿಡಿದು ನಿಲ್ಲಬೇಡಿ, ಸೀಟು ಕೇಳಿ ಕುಳಿತುಕೊಳ್ಳಿ.

ಮನಸ್ಸಿಗೆ

ಕನ್ನಡಿಯ ಮುಂದೆ ನಿಂತು ಗಾಯವನ್ನು ನೋಡಿಕೊಳ್ಳಲು ಯಾವ ದಿನವೂ ತಡವಲ್ಲ. ಮೊದಲ ಸಲ ನೋಡುವಾಗ ಬೇಕಾದರೆ ನರ್ಸ್ ಅಥವಾ ನಂಬಿಕೆಯವರು ಜೊತೆಗಿರಲಿ. ಗಂಡನಾದವರು ಡ್ರೆಸ್ಸಿಂಗ್ ಬದಲಿಸುವಾಗ ಒಮ್ಮೆ ಜೊತೆಗೆ ನಿಂತರೆ, ಆಮೇಲೆ ಎಷ್ಟೋ ಮಾತುಗಳ ಅಗತ್ಯವೇ ಬರುವುದಿಲ್ಲ. ನಿದ್ದೆ ಬಾರದೆ, ಅಳು ನಿಲ್ಲದೆ, ಚಿಕಿತ್ಸೆಯೇ ಬೇಡ ಅನ್ನಿಸುವ ದಿನಗಳು ಎರಡು ವಾರ ದಾಟಿದರೆ ಅದೂ ಚಿಕಿತ್ಸೆ ಬೇಕಾದ ತೊಂದರೆಯೇ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಮೊದಲ ಕಿಮೋ ದಿನ ಗೊತ್ತಾದೊಡನೆ ಒಂದು ಡಿಜಿಟಲ್ ಥರ್ಮಾಮೀಟರ್ ಕೊಂಡು ತನ್ನಿ. ಡೋಸ್ ಆದ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿಕಣ ಬಹಳ ಇಳಿದಿರುತ್ತದೆ. ಆಗ ಜ್ವರ 100.4 ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗುವವರೆಗೆ ಕಾಯುವಂತಿಲ್ಲ, ಅಂದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಆ ಹೊತ್ತಿಗೆ ಯಾವ ಆಸ್ಪತ್ರೆ, ಯಾರ ಗಾಡಿ, ಮಕ್ಕಳ ಬಳಿ ಯಾರು ಇರುತ್ತಾರೆ ಎಂಬುದನ್ನು ಮೊದಲೇ ಮನೆಯವರೊಂದಿಗೆ ಕುಳಿತು ಗೊತ್ತುಮಾಡಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ವರದಿ, ಕಿಮೋ ಚೀಟಿ ಇರುವ ಫೈಲ್ ಎಲ್ಲಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.